ನಾಲ್ಕು ಮುತ್ತಿನ ಡಚೆಸ್: ಒಂದು ಭಾವಚಿತ್ರದ ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಹಳೇ ಬಂಗಲೆಯಲ್ಲಿ, ಮಹಡಿ ಮೆಟ್ಟಿಲಿನ ತಿರುವಿನಲ್ಲಿ, ಒಬ್ಬ ಹೆಂಗಸಿನ ಭಾವಚಿತ್ರ ತೂಗುಹಾಕಿತ್ತು. ಮನೆಯವರೆಲ್ಲ ಅದನ್ನು 'ಡಚೆಸ್', ಅಂದರೆ ಡ್ಯೂಕ್‌ನ ಹೆಂಡತಿ, ಎಂದೇ ಕರೆಯುತ್ತಿದ್ದರು. ಈ ಬರಹ ಆ ಚಿತ್ರದ ಬಗ್ಗೆ. ಮನೆತನ ಯಾವುದೆಂದು ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ನಾವು ಎಡವಿದ ಜಾಗಗಳನ್ನು ಮಾತ್ರ ಬಿಟ್ಟಿಲ್ಲ. ಈ ಪ್ರಕರಣದಿಂದ ಬೇರೆಯವರಿಗೆ ಉಪಯೋಗ ಆಗುವುದಿದ್ದರೆ ಅಲ್ಲಿಂದಲೇ.

ಆ ಮನೆಯ ಚಿತ್ರಗಳ ಪಟ್ಟಿ ತಯಾರಾಗುತ್ತಿತ್ತು. ಪ್ರತಿ ಚಿತ್ರದ ಉಡುಪು, ಒಡವೆ, ನಿಂತ ರೀತಿ ನೋಡಿ ಅರ್ಧ ಪುಟದ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಪಟ್ಟಿಯ ಹೊಣೆ ಹೊತ್ತಿದ್ದವರು ಒಬ್ಬ ಹಿರಿಯರು. ಚಿತ್ರಗಳ ಸ್ಥಿತಿಗತಿ ನೋಡಲು ದುರಸ್ತಿ ಕೆಲಸದಲ್ಲಿ ಪಳಗಿದ ಒಬ್ಬರು ಹೆಂಗಸು ಇದ್ದರು. ಇವರಲ್ಲದೆ ಮನೆಯ ಯಜಮಾನಿ. ವಯಸ್ಸು ಎಪ್ಪತ್ತು ದಾಟಿತ್ತು, ಮಾತು ಕಡಿಮೆ.

ಚಿತ್ರದಲ್ಲಿ ಇದ್ದದ್ದು

ಕ್ಯಾನ್ವಾಸ್ 50 ಇಂಚು ಎತ್ತರ, 40 ಇಂಚು ಅಗಲ. ತಲೆಯಿಂದ ಮೊಣಕಾಲಿನವರೆಗೆ ಬರುವ ಭಾವಚಿತ್ರಕ್ಕೆ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಅಳತೆ ಇದು. ಅಳತೆಯೂ ಅಂತಸ್ತು ಹೇಳುತ್ತದೆ. 17ನೇ ಶತಮಾನದ ಕೊನೆಯ ಹೊತ್ತಿಗೆ ಹೆಸರು ಮಾಡಿದ ಗಾಡ್‌ಫ್ರೆ ನೆಲ್ಲರ್ ತಲೆಗೆ 15 ಗಿನಿ (ಆ ಕಾಲದ ಚಿನ್ನದ ನಾಣ್ಯ), ಒಂದು ಕೈಯೂ ಬಂದರೆ 20, ಈ ಅಳತೆಗೆ 30, ಪೂರ್ತಿ ನಿಂತ ಚಿತ್ರಕ್ಕೆ 60 ತೆಗೆದುಕೊಳ್ಳುತ್ತಿದ್ದ. ಒಂದು ಕೈಗೆ ಐದು ಗಿನಿ ಜಾಸ್ತಿ! ಕೈ ಬರೆಯುವುದು ಅಷ್ಟು ಕಷ್ಟ. ಈ ಪ್ರಕರಣದಲ್ಲೂ ಕೊನೆಗೆ ಕೆಲಸಕ್ಕೆ ಬಂದದ್ದು ಕೈಯೇ.

ಹೆಂಗಸಿಗೆ ಇಪ್ಪತ್ತೈದರ ಆಸುಪಾಸು. ನಮ್ಮ ಎಡಗಡೆಗೆ ಸ್ವಲ್ಪ ತಿರುಗಿ ನಿಂತಿದ್ದಾಳೆ. ಕಣ್ಣು ಮಾತ್ರ ನೇರ ನಮ್ಮ ಮೇಲೆ. ಮೈಮೇಲೆ ಕಪ್ಪು ಸ್ಯಾಟಿನ್ ಗೌನು. ಸೊಂಟದ ಗೆರೆ ಎತ್ತರದಲ್ಲಿದೆ. ತೋಳು ಬಲೂನಿನಂತೆ ಉಬ್ಬಿ ಮೊಣಕೈ ಕೆಳಗೆ ಮುಗಿಯುತ್ತದೆ. ಭುಜ ಮುಚ್ಚುವಷ್ಟು ಅಗಲದ ಲೇಸ್ ಕಾಲರ್. ಕುತ್ತಿಗೆಗೆ ಅಂಟಿಕೊಂಡ ಒಂದೇ ಎಳೆ ಮುತ್ತಿನ ಸರ. ಹಣೆಯ ಮೇಲೆ ಸಣ್ಣಗೆ ಕತ್ತರಿಸಿದ ಕೂದಲು, ಕಿವಿಯ ಪಕ್ಕ ಗುಂಗುರು ಗೊಂಚಲು.

ಇಷ್ಟೆಲ್ಲದರ ಮೇಲೆ, ಎಡಭುಜದಿಂದ ಇಳಿದ ಕೆಂಪು ಮಖಮಲ್ಲಿನ ನಿಲುವಂಗಿ. ಅದರ ಅಂಚಿಗೆ ಅರ್ಮಿನ್ ತುಪ್ಪಳ, ಅಂದರೆ ಬಿಳಿ ತುಪ್ಪಳದ ಮೇಲೆ ಅಲ್ಲಲ್ಲಿ ಕಪ್ಪು ಬಾಲದ ತುದಿ. ಪಕ್ಕದಲ್ಲಿ ನೀಲಿ ದಿಂಬು. ದಿಂಬಿನ ಮೇಲೆ ಕೊರೊನೆಟ್, ಅಂದರೆ ಸರದಾರ ಮನೆತನದವರು ಪಟ್ಟಾಭಿಷೇಕದ ದಿನ ಧರಿಸುತ್ತಿದ್ದ ಪುಟ್ಟ ಕಿರೀಟ. ಆಕೆಯ ಬಲಗೈ ಬೆರಳು ಅದನ್ನು ಮುಟ್ಟಿಕೊಂಡಿದೆ. ಮೇಲಿನ ಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ಒಂದು ಹೆಸರು, ಹೆಸರಿನ ಹಿಂದೆ ಡಚೆಸ್ ಎಂಬ ಪದವಿ.

ನಾನು ಟಿಪ್ಪಣಿ ಬರೆದೆ. ಕಿರೀಟದ ಮೇಲೆ ಕೈಯಿಟ್ಟ ನಿಲುವು ಅಧಿಕಾರ ತೋರಿಸುತ್ತದೆ, ನಿಲುವಂಗಿ ಪದವಿ ತೋರಿಸುತ್ತದೆ, ಇತ್ಯಾದಿ. ಬರೆದು ಹಿರಿಯರಿಗೆ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: 'ಮುತ್ತು ಎಷ್ಟಿವೆ?'

ಸಮಸ್ಯೆ: ಒಂದೇ ಚಿತ್ರ, ಮೂರು ಮಾತು

ನಾನು ಎಣಿಸಿರಲಿಲ್ಲ. ಕಿರೀಟ ಕಂಡ ತಕ್ಷಣ ನೋಡುವುದನ್ನು ನಿಲ್ಲಿಸಿಬಿಟ್ಟಿದ್ದೆ.

ಇಂಗ್ಲೆಂಡಿನ ಸರದಾರರಲ್ಲಿ ಐದು ಪದವಿ, ಎಲ್ಲಕ್ಕಿಂತ ಮೇಲೆ ಡ್ಯೂಕ್, ಕೆಳಗೆ ಬ್ಯಾರನ್. ಒಂದೊಂದರ ಕೊರೊನೆಟ್‌ಗೂ ಲೆಕ್ಕ ಇದೆ. ಡ್ಯೂಕ್‌ನದರಲ್ಲಿ ಎಂಟು ಸ್ಟ್ರಾಬೆರಿ ಎಲೆ, ಗುಂಡು ಒಂದೂ ಇಲ್ಲ. ಮಾರ್ಕ್ವೆಸ್‌ಗೆ ನಾಲ್ಕು ಎಲೆ, ನಾಲ್ಕು ಗುಂಡು. ಅರ್ಲ್‌ಗೆ ಎತ್ತರದ ಕಡ್ಡಿಯ ಮೇಲೆ ಎಂಟು ಗುಂಡು, ನಡುವೆ ಎಲೆ. ವೈಕೌಂಟ್‌ಗೆ ಒತ್ತಾಗಿ ಹದಿನಾರು ಗುಂಡು. ಬ್ಯಾರನ್‌ಗೆ ಬರೀ ಆರು. ಈ ಗುಂಡುಗಳು ಬೆಳ್ಳಿಯವು, ಆದರೆ ರೂಢಿಯಲ್ಲಿ 'ಮುತ್ತು' ಅಂತಲೇ ಕರೆಯುತ್ತಾರೆ. ಬ್ಯಾರನ್ ಕೊರೊನೆಟ್ಟನ್ನು ಒಂದು ಕಡೆಯಿಂದ ನೋಡಿದರೆ ಆರರಲ್ಲಿ ನಾಲ್ಕು ಕಾಣುತ್ತವೆ. ಗಂಡನ ಪದವಿಯ ಕೊರೊನೆಟ್ಟೇ ಹೆಂಡತಿಗೂ. ಬ್ಯಾರನ್‌ನ ಹೆಂಡತಿ ಬ್ಯಾರನೆಸ್.

ನಮ್ಮ ಚಿತ್ರದಲ್ಲಿ ಕಂಡದ್ದು ನಾಲ್ಕು. ಎಲೆ ಇಲ್ಲ.

ಅಂದರೆ ಮೂಲೆಯ ಅಕ್ಷರ ಡಚೆಸ್ ಅನ್ನುತ್ತದೆ, ಕಿರೀಟ ಬ್ಯಾರನೆಸ್ ಅನ್ನುತ್ತದೆ. ಐದು ಮೆಟ್ಟಿಲಿನ ಏಣಿಯಲ್ಲಿ ಒಂದು ತುತ್ತತುದಿ, ಇನ್ನೊಂದು ತಳ. ಇಷ್ಟೇ ಆಗಿದ್ದರೆ ಅಕ್ಷರ ಬರೆದವನ ತಪ್ಪು ಅಂತ ಸುಮ್ನೆ ಮುಂದೆ ಹೋಗಬಹುದಿತ್ತು. ಆದರೆ ಉಡುಪು ಬೇರೆಯೇ ಹೇಳುತ್ತಿತ್ತು. ಎತ್ತರದ ಸೊಂಟ, ಉಬ್ಬಿದ ಗಿಡ್ಡ ತೋಳು, ಇಳಿಬಿದ್ದ ಲೇಸ್ ಕಾಲರ್, ಹಣೆಯ ಮೇಲಿನ ಕೂದಲು, ಇವೆಲ್ಲ 1630ರ ದಶಕದವು. ಬ್ಯಾರನ್‌ಗಳಿಗೆ ಕೊರೊನೆಟ್ ಧರಿಸುವ ಹಕ್ಕು ಸಿಕ್ಕಿದ್ದು 1661ರಲ್ಲಿ, 2ನೇ ಚಾರ್ಲ್ಸ್ ಕಾಲದಲ್ಲಿ.

ಈ ಹೆಂಗಸು ಡಚೆಸ್ ಆಗಿದ್ದರೆ ಕಿರೀಟದಲ್ಲಿ ಎಲೆ ಇರಬೇಕಿತ್ತು. ಬ್ಯಾರನೆಸ್ ಆಗಿದ್ದರೆ ಆ ಕಿರೀಟ ಮುಟ್ಟಲು ಇನ್ನೂ ಇಪ್ಪತ್ತೈದು ವರ್ಷ ಕಾಯಬೇಕಿತ್ತು.

ಮೊದಲ ಉತ್ತರ, ಅದು ತಪ್ಪಿದ್ದು

ದುರಸ್ತಿಯವರು ದಿಂಬಿನ ನೀಲಿಯಿಂದ ಸಾಸಿವೆಗಿಂತ ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಪ್ರಷ್ಯನ್ ನೀಲಿ. ಈ ಬಣ್ಣ ಹುಟ್ಟಿದ್ದು ಬರ್ಲಿನ್‌ನಲ್ಲಿ, 18ನೇ ಶತಮಾನದ ಮೊದಲ ದಶಕದಲ್ಲಿ. ಅದಕ್ಕೆ ಮುಂಚೆ ಯಾವ ಚಿತ್ರಕಾರನ ಬಳಿಯೂ ಅದು ಇರುವ ಹಾಗೇ ಇಲ್ಲ.

ನನಗೆ ಖುಷಿಯಾಯಿತು, ಯಾಕೆಂದರೆ ಎಲ್ಲವನ್ನೂ ಜೋಡಿಸುವ ಒಂದು ವಿವರಣೆ ನನ್ನ ಹತ್ತಿರ ಸಿದ್ಧ ಇತ್ತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ನೂರು ವರ್ಷ ಹಿಂದಿನ ಉಡುಪು ತೊಟ್ಟು ಭಾವಚಿತ್ರ ಬರೆಸಿಕೊಳ್ಳುವ ಗೀಳು ಹಬ್ಬಿತ್ತು. ಅದನ್ನು 'ವ್ಯಾನ್ ಡೈಕ್ ಉಡುಪು' ಎನ್ನುತ್ತಿದ್ದರು. ಆ್ಯಂಟನಿ ವ್ಯಾನ್ ಡೈಕ್ 1632ರಿಂದ ಲಂಡನ್‌ನಲ್ಲಿ 1ನೇ ಚಾರ್ಲ್ಸ್‌ನ ಆಸ್ಥಾನಕ್ಕೆ ಬರೆದ ಚಿತ್ರಗಳ ನೆನಪು ಅದು. ಇದರಲ್ಲಿ ಒಂದು ತಮಾಷೆ ಇದೆ. ಹೆಂಗಸರು ಜಾಸ್ತಿ ಅನುಕರಿಸಿದ ಮಾದರಿ ಹೂಟನ್ ಹಾಲ್ ಬಂಗಲೆಯಲ್ಲಿದ್ದ ಒಂದು ಚಿತ್ರ. ಅದನ್ನು ಎಲ್ಲರೂ ವ್ಯಾನ್ ಡೈಕ್‌ನದು ಅಂದುಕೊಂಡಿದ್ದರು. ನಿಜಕ್ಕೂ ಅದು ರೂಬೆನ್ಸ್ ತನ್ನ ಹೆಂಡತಿ ಹೆಲೆನಾ ಫೋರ್ಮೆಂಟ್‌ಳನ್ನು ಬರೆದದ್ದು. ಈಗ ಲಿಸ್ಬನ್‌ನ ಗುಲ್ಬೆಂಕಿಯನ್ ಮ್ಯೂಸಿಯಂನಲ್ಲಿದೆ.

ಹಾಗಾದರೆ ನಮ್ಮಾಕೆ 18ನೇ ಶತಮಾನದ ಬ್ಯಾರನೆಸ್, ತೊಟ್ಟಿರುವುದು ಹಳೇ ಕಾಲದ ವೇಷ. ಕೊರೊನೆಟ್ ಸರಿ, ನೀಲಿ ಸರಿ, ಉಡುಪೂ ಸರಿ. ಎಷ್ಟು ಅಚ್ಚುಕಟ್ಟು, ಅಲ್ವಾ? ಒಂದು ಪ್ರದರ್ಶನದವರು ಆಗಲೇ ಈ ಚಿತ್ರ ಕೇಳಿದ್ದರು. ಹಿರಿಯರನ್ನು ಕೇಳದೆ ನಾನೇ ಅವರಿಗೆ ಬರೆದುಬಿಟ್ಟೆ. ಅವರು ತಮ್ಮ ಕರಡು ಪಟ್ಟಿಯಲ್ಲಿ ಹಾಕಿಯೂ ಬಿಟ್ಟರು.

ಈ ವಿವರಣೆಯನ್ನು ಕೆಡವಿದ್ದು ಆ ಹೆಂಗಸಿನ ಮೈ. ವ್ಯಾನ್ ಡೈಕ್ ವೇಷ ತೊಟ್ಟ 18ನೇ ಶತಮಾನದ ಹೆಂಗಸರ ಚಿತ್ರಗಳನ್ನು ಒಂದು ಕಡೆಯಿಂದ ನೋಡುತ್ತಾ ಹೋದೆ. ಕಾಲರ್ ಹಳೇದು, ತೋಳಿನ ಕತ್ತರಿಕೆ ಹಳೇದು. ಆದರೆ ತಲೆಗೂದಲು ಅವರವರ ಕಾಲದ್ದೇ. ಒಳಗಿನ ಬಿಗಿ ಕುಪ್ಪಸವೂ ಅವರ ಕಾಲದ್ದೇ. ಅದು ಮೈಯನ್ನು ಕೆಳಗೆ ಚೂಪಾಗುವ ಆಲಿಕೆಯ ಹಾಗೆ ಮಾಡುತ್ತದೆ. ಉಡುಪನ್ನು ಎರವಲು ತರಬಹುದು, ಮೈಯ ಆಕಾರ ಎರವಲು ಬರುವುದಿಲ್ಲ. ನಮ್ಮ ಚಿತ್ರದ ಹೆಂಗಸಿನ ಸೊಂಟ ಎದೆಯ ಕೆಳಗೇ ಮುಗಿದು ಲಂಗ ಅಲ್ಲಿಂದಲೇ ಹರಡುತ್ತದೆ. ಕೂದಲು ಪೂರ್ತಿ 1630ರ ದಶಕದ್ದು. ಇದು ವೇಷ ಅಲ್ಲ, ಆಕೆ ಆ ದಿನಗಳಲ್ಲಿ ತೊಡುತ್ತಿದ್ದ ಬಟ್ಟೆ.

ಮುತ್ತಿನ ಸರದ ಕೆಳಗೆ ಒಂದು ಚಿನ್ನದ ಬ್ರೂಚ್ ಇತ್ತು. ಅದರ ಹಳದಿಯನ್ನೂ ಪರೀಕ್ಷಿಸಿದರು. ಸೀಸ ಮತ್ತು ತವರದಿಂದ ಮಾಡಿದ ಹಳದಿ ಎಂದು ಬಂತು. 18ನೇ ಶತಮಾನದ ಮಧ್ಯದ ಹೊತ್ತಿಗೆ ಚಿತ್ರಕಾರರು ಬಿಟ್ಟೇಬಿಟ್ಟಿದ್ದ ಬಣ್ಣ ಅದು. ಒಂದೇ ಕ್ಯಾನ್ವಾಸಿನಲ್ಲಿ ಹಳೇ ಕಾಲದ ಹಳದಿ, ಹೊಸ ಕಾಲದ ನೀಲಿ. ಬರೀ ಹಳದಿ ಸಿಕ್ಕಿದ್ದರೆ ಅದರಿಂದ ಏನೂ ಇತ್ಯರ್ಥ ಆಗುತ್ತಿರಲಿಲ್ಲ. ಕೂದಲು ಮತ್ತು ಸೊಂಟದ ಜೊತೆ ಸೇರಿದಾಗ ಅದಕ್ಕೆ ತೂಕ ಬಂತು.

ಪ್ರದರ್ಶನದವರಿಗೆ ಮತ್ತೆ ಬರೆದು ನನ್ನ ಮಾತು ವಾಪಸ್ ತೆಗೆದುಕೊಂಡೆ. ಅವರು ಚಿತ್ರವನ್ನು ಪಟ್ಟಿಯಿಂದ ಕೈಬಿಟ್ಟರು. ಹಿರಿಯರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬೆರಳು

ನಿಜವಾದ ತಿರುವು ಬಂದದ್ದು ಒಂದು ಸಂಜೆ, ಯಜಮಾನಿಯವರ ಬಾಯಿಂದ. ದುರಸ್ತಿಯವರು ಚಿತ್ರವನ್ನು ಗೋಡೆಯಿಂದ ಇಳಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡುತ್ತಿದ್ದರು. ಓರೆ ಬೆಳಕಿನಲ್ಲಿ ಬಣ್ಣದ ಉಬ್ಬುತಗ್ಗು ಕಾಣುತ್ತದೆ. ಯಜಮಾನಿ ಪಕ್ಕದಲ್ಲಿ ನಿಂತಿದ್ದರು. 'ಚಿಕ್ಕವಳಿದ್ದಾಗಿನಿಂದ ನೋಡ್ತಿದ್ದೇನೆ, ಈಕೆ ಕಿರೀಟನ ಯಾಕೆ ಸೂಜಿ ಹಿಡಿದ ಹಾಗೆ ಹಿಡಿದಿದ್ದಾಳೆ?' ಅಂದರು.

ನಾವು ಮೂವರೂ ನೋಡಿದೆವು. ಹೌದು. ಲೋಹದ ವಸ್ತುವಿನ ಮೇಲೆ ಕೈಯಿಟ್ಟರೆ ಅಂಗೈ ಊರುತ್ತದೆ, ಬೆರಳು ಹರಡುತ್ತದೆ. ಇಲ್ಲಿ ಹೆಬ್ಬೆರಳು ಮತ್ತು ತೋರುಬೆರಳು ಏನೋ ತೆಳ್ಳಗಿನದನ್ನು ಚಿವುಟಿ ಹಿಡಿದ ಹಾಗಿದ್ದವು. ಉಳಿದ ಮೂರು ಬೆರಳು ಗಾಳಿಯಲ್ಲಿ. ನನ್ನ ಟಿಪ್ಪಣಿಯಲ್ಲಿ ಇದೇ ಕೈಯನ್ನು 'ಅಧಿಕಾರದ ನಿಲುವು' ಎಂದು ಬರೆದಿದ್ದೆ.

ಒಂದು ಸಲ ಅನುಮಾನ ಬಂದ ಮೇಲೆ ಉಳಿದದ್ದೂ ಕಾಣತೊಡಗಿತು. ಮಖಮಲ್ಲಿನ ನಿಲುವಂಗಿ ಭಾರದ ಬಟ್ಟೆ. ಅದು ಬಿದ್ದ ತೋಳು ತಗ್ಗಬೇಕು, ಸ್ಯಾಟಿನ್ ನಲುಗಬೇಕು. ನಮ್ಮ ಚಿತ್ರದಲ್ಲಿ ತೋಳು ಏನೂ ಆಗದ ಹಾಗೆ ಉಬ್ಬಿಕೊಂಡೇ ಇತ್ತು. ಓರೆ ಬೆಳಕಿನಲ್ಲಿ ಕೆಂಪು ಮಖಮಲ್ಲಿನ ಅಡಿಯಿಂದ ಸಣ್ಣ ಸಣ್ಣ ಉಬ್ಬು ಕಂಡವು. ಅದು ಲೇಸ್. ಲೇಸ್ ಬರೆಯುವಾಗ ಬಿಳಿಯನ್ನು ದಪ್ಪ ದಪ್ಪವಾಗಿ ಇಡುತ್ತಾರೆ. ಕಾಲರ್‌ನ ಉಳಿದ ಭಾಗ ನಿಲುವಂಗಿಯ ಕೆಳಗೆ ಹಾಗೇ ಇತ್ತು. ಮೂಲೆಯ ಹಳದಿ ಅಕ್ಷರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರ ಬಣ್ಣ ಹಳೇ ಬಿರುಕುಗಳ ಒಳಗೆ ಇಳಿದಿತ್ತು. ಅಂದರೆ ಚಿತ್ರ ಒಣಗಿ, ಹಳತಾಗಿ, ಬಿರುಕುಬಿಟ್ಟ ಮೇಲೆ ಬರೆದ ಅಕ್ಷರ.

ಎಕ್ಸ್‌ರೇ ತೆಗೆಸಿದೆವು. ಹಳೇ ಚಿತ್ರಗಳ ಬಿಳಿಯಲ್ಲಿ ಸೀಸ ಇರುತ್ತದೆ, ಅದು ಎಕ್ಸ್‌ರೇಯನ್ನು ತಡೆದು ಬೆಳ್ಳಗೆ ಕಾಣುತ್ತದೆ. ಪ್ರಷ್ಯನ್ ನೀಲಿ ಹಾಗೆ ತಡೆಯುವುದಿಲ್ಲ. ಹಾಗಾಗಿ ದಿಂಬು ಮಾಯವಾಗಿ ಅದರ ಕೆಳಗಿದ್ದದ್ದು ಬಂತು. ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಮೂರು ಗುಲಾಬಿ. ಒಂದರ ತೊಟ್ಟು ಆಕೆಯ ಬೆರಳ ನಡುವೆ.

ಬೆರಳನ್ನು ಮತ್ತೆ ಬರೆಯುವುದು ಕಷ್ಟ. ಕಿರೀಟ ಸೇರಿಸಿದವನು ಆ ಕಷ್ಟಕ್ಕೆ ಹೋಗದೆ ಕೈಯನ್ನು ಹಾಗೇ ಬಿಟ್ಟು, ಗುಲಾಬಿ ಇದ್ದ ಜಾಗಕ್ಕೆ ಕೊರೊನೆಟ್ ತಂದು ಕೂರಿಸಿದ್ದ.

ಕಿರೀಟ ತೆಗೆದ ಮೇಲೆ ಉಳಿದದ್ದು

ಈಗ ಪ್ರಶ್ನೆ ಬೇರೆಯಾಯಿತು. ನಿಲುವಂಗಿ, ಕೊರೊನೆಟ್, ಅಕ್ಷರ ಮೂರನ್ನೂ ಮನಸ್ಸಿನಲ್ಲೇ ಒರೆಸಿ ಹಾಕಿದರೆ ಈ ಹೆಂಗಸಿನ ಅಂತಸ್ತಿನ ಬಗ್ಗೆ ಚಿತ್ರ ಏನು ಹೇಳುತ್ತದೆ? ಮೊದಲು ನನಗೆ ಏನೂ ಇಲ್ಲ ಅನ್ನಿಸಿತು. ಕಪ್ಪು ಬಟ್ಟೆ, ಒಂದೆಳೆ ಸರ, ಹೂವು.

ಐವತ್ತು ವರ್ಷ ಹಿಂದಿನ ಚಿತ್ರಗಳ ಪಕ್ಕ ಇಟ್ಟರೆ ಇದು ನಿಜಕ್ಕೂ ಬಡವಾಗಿ ಕಾಣುತ್ತದೆ. 1588ರ ಹೊತ್ತಿನ, ಆರ್ಮಡಾ ಭಾವಚಿತ್ರ ಎಂದು ಹೆಸರಾದ 1ನೇ ಎಲಿಜಬೆತ್ ಚಿತ್ರ ನೆನೆಸಿಕೊಳ್ಳಿ. ಮುತ್ತಿಲ್ಲದ ಜಾಗವೇ ಇಲ್ಲ. ಬಟ್ಟೆಯ ಒಂದೊಂದು ಇಂಚನ್ನೂ ಎಣಿಸಿ ಬೆಲೆ ಕಟ್ಟಬಹುದು. ಫ್ಲಾರೆನ್ಸಿನ ಚಿತ್ರಕಾರ ಬ್ರಾಂಜಿನೋ 1545ರ ಹೊತ್ತಿಗೆ ಬರೆದ, ಅಲ್ಲಿನ ಡ್ಯೂಕ್‌ನ ಹೆಂಡತಿ ಎಲಿಯನೋರಾ ಆಫ್ ಟೊಲೆಡೊಳ ಚಿತ್ರವೂ ಹಾಗೇ. ಅಲ್ಲಿ ಮುಖಕ್ಕಿಂತ ಗೌನಿನದೇ ದರಬಾರು. ದೊಡ್ಡ ದೊಡ್ಡ ದಾಳಿಂಬೆ ಬಳ್ಳಿಯ ನೇಯ್ಗೆ, ಒಂದು ಎಳೆಯೂ ಮಸುಕಿಲ್ಲ. ಆ ಗೌನು ಎಷ್ಟು ಪ್ರಸಿದ್ಧ ಆಯಿತೆಂದರೆ ಆಕೆಯನ್ನು ಅದರಲ್ಲೇ ಹೂಳಿದರು ಎಂಬ ಕಥೆ ಹುಟ್ಟಿಕೊಂಡಿತು. 1857ರಲ್ಲಿ ಸಮಾಧಿ ತೆರೆದರೆ ಮೈಮೇಲೆ ಇದ್ದದ್ದು ಬೇರೆ ಉಡುಪು. ನಮ್ಮ ಬಂಗಲೆಯ 'ಡಚೆಸ್' ಕಥೆಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಬಟ್ಟೆ ಕಣ್ಣು ಕುಕ್ಕಿದರೆ ಜನ ಅದಕ್ಕೊಂದು ಕಥೆ ಕಟ್ಟುತ್ತಾರೆ.

1630ರ ದಶಕದ ಇಂಗ್ಲೆಂಡಿನ ಆಸ್ಥಾನದಲ್ಲಿ ರುಚಿ ಬದಲಾಗಿತ್ತು. ಕಸೂತಿ, ಜರಿ ಹಿಂದೆ ಸರಿದು ಬರೀ ಸಾದಾ ಸ್ಯಾಟಿನ್ ಮುಂದೆ ಬಂತು. ಸಾದಾ ಅಂದರೆ ಅಗ್ಗ ಅಲ್ಲ. ಅಷ್ಟು ಅಗಲದ ರೇಷ್ಮೆಯನ್ನು ಯಾವ ಅಲಂಕಾರವೂ ಇಲ್ಲದೆ ಬೆಳಕಿಗೆ ಬಿಡಬೇಕಾದರೆ ಅದು ಒಳ್ಳೇ ರೇಷ್ಮೆಯೇ ಆಗಿರಬೇಕು, ಧಾರಾಳವಾಗಿ ಬಳಸಿರಬೇಕು. ಅದೂ ಕಪ್ಪು. ಮಾಸದ ಗಾಢ ಕಪ್ಪನ್ನು ತರಲು ಬಟ್ಟೆಯನ್ನು ಒಂದರ ಮೇಲೊಂದು ಬಣ್ಣದಲ್ಲಿ ಅದ್ದಬೇಕಿತ್ತು. ಲಾಗ್‌ವುಡ್ ಎಂಬ ಮರದ ಚಕ್ಕೆಯಿಂದ ಸುಲಭದ ಕಪ್ಪು ಸಿಗುತ್ತಿತ್ತು. ಆದರೆ ಅದರ ಬಣ್ಣ ನಿಲ್ಲುವುದಿಲ್ಲವೆಂದು ಇಂಗ್ಲೆಂಡ್ 1581ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಹೋದದ್ದು 1662ರಲ್ಲಿ.

ಇನ್ನು ಲೇಸ್. ನಾನು ಒಡವೆ ಹುಡುಕುತ್ತಾ ಲೇಸನ್ನು ದಾಟಿ ಹೋಗಿದ್ದೆ. ಭುಜದಿಂದ ಭುಜಕ್ಕೆ ಹರಡಿದ ಆ ಕಾಲರ್ ಪೂರ್ತಿ ಕೈಕೆಲಸ, ತಿಂಗಳುಗಟ್ಟಲೆಯದು. ತಂದರೆ ಮುಗಿಯಲಿಲ್ಲ. ಅದನ್ನು ಒಗೆಯಬೇಕು, ಗಂಜಿ ಹಾಕಬೇಕು, ಮಡಿಕೆ ಕೂರಿಸಬೇಕು. ಅಷ್ಟು ಬೆಳ್ಳಗಿನ ಕಾಲರ್ ಕಂಡರೆ ಅದರ ಹಿಂದೆ ಚಿತ್ರದಲ್ಲಿ ಇಲ್ಲದ ಕೆಲಸದವರು ಇದ್ದಾರೆ ಎಂದೇ ಅರ್ಥ.

ಕೈಯ ಮಾತಿಗೆ ಬರೋಣ. ಗಿಡ್ಡ ತೋಳಿನ ಹೊಸ ಫ್ಯಾಷನ್ ಮುಂಗೈಯನ್ನು ಹೊರಗೆ ಬಿಟ್ಟಿತ್ತು. ಬಿಸಿಲು ಕಾಣದ, ಗಾಯ ಕಾಣದ ಮುಂಗೈ. ಒಂದು ಕೈ ಲಂಗವನ್ನು ಸ್ವಲ್ಪ ಎತ್ತಿ ಹಿಡಿದಿದೆ, ಇನ್ನೊಂದು ಹೂವನ್ನು ಹಿಡಿದೂ ಹಿಡಿಯದ ಹಾಗಿದೆ. ಎರಡೂ ಏನೂ ಮಾಡುತ್ತಿಲ್ಲ. ಮಾಡಬೇಕಾಗಿಲ್ಲ ಎಂದು ತೋರಿಸುವುದೇ ಆ ಕೈಗಳ ಕೆಲಸ. ವ್ಯಾನ್ ಡೈಕ್ ಕೈಗಳಿಗಾಗಿಯೇ ಬೇರೆ ಜನರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದನೆಂದು ಅವನನ್ನು ಬಲ್ಲವರು ಹೇಳಿದ್ದು ದಾಖಲಾಗಿದೆ. ಹಾಗಾದರೆ ಆ ನೀಳ ಬೆರಳು ಎಷ್ಟೋ ಸಲ ಸರದಾರ ಮನೆತನದವರದೇ ಅಲ್ಲ, ದಿನಗೂಲಿಯವರದು!

ಅದೇ ಶತಮಾನದಲ್ಲಿ ಸ್ಪೇನಿನ ಆಸ್ಥಾನ ಇದೇ ಮಾತನ್ನು ಬೇರೆ ಥರ ಆಡಿತು. ವೆಲಾಸ್ಕ್ವೆಜ್ 1652-53ರಲ್ಲಿ ರಾಣಿ ಮರಿಯಾನಾಳನ್ನು ಬರೆದಾಗ ಆಕೆಯ ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಇನ್ನೊಂದರಲ್ಲಿ ದೊಡ್ಡ ಕರವಸ್ತ್ರ. ರಾಜನೆದುರು ಕೂರುವ ಹಕ್ಕು ಬೆರಳೆಣಿಕೆಯ ಜನಕ್ಕಿದ್ದ ಕಡೆ ಕುರ್ಚಿಯನ್ನು ಮುಟ್ಟಿ ನಿಂತರೂ ಸಾಕು, ಮಾತು ಮುಟ್ಟುತ್ತದೆ. ಕಿರೀಟವನ್ನು ದಿಂಬಿನ ಮೇಲೆ ಇಡಬೇಕಾಗಿಲ್ಲ.

ಇಷ್ಟು ಓದಿ, ಈಕೆ ದೊಡ್ಡ ಮನೆತನದವಳೇ ಇರಬೇಕು ಎಂದು ಮತ್ತೆ ತೀರ್ಮಾನಕ್ಕೆ ಹೊರಟೆ. ಈ ಸಲ ಹಿರಿಯರು ಬರೆದದ್ದು ಎರಡು ಸಾಲು. 'ಉಡುಪಿನ ಕಾನೂನು ಯಾವಾಗ ಹೋಯಿತು? ವ್ಯಾಪಾರಿಯ ಹೆಂಡತಿ ಇದೇ ಸ್ಯಾಟಿನ್ ಕೊಳ್ಳಲು ಏನು ಅಡ್ಡಿ?'

ಅಡ್ಡಿ ಇರಲಿಲ್ಲ. ಯಾರು ಯಾವ ಬಟ್ಟೆ ತೊಡಬಹುದೆಂದು 1574ರಲ್ಲಿ ಎಲಿಜಬೆತ್ ಹೊರಡಿಸಿದ ಆಜ್ಞೆಯಲ್ಲಿ ಹೆಂಗಸರಿಗೇ ಬೇರೆ ಪಟ್ಟಿ ಇತ್ತು. ಗೌನಿಗೆ ಚಿನ್ನದ ನೂಲಿನ ಬಟ್ಟೆ, ಸೇಬಲ್ ತುಪ್ಪಳ ಬೇಕೆಂದರೆ ಕೌಂಟೆಸ್ (ಅರ್ಲ್‌ನ ಹೆಂಡತಿ) ಅಥವಾ ಅದಕ್ಕಿಂತ ಮೇಲಿನವಳಾಗಿರಬೇಕು. ಆ ಕಾಲದ ಚಿತ್ರದಲ್ಲಿ ಬಟ್ಟೆ ನೋಡಿ ಪದವಿಯನ್ನು ಸ್ವಲ್ಪವಾದರೂ ಊಹಿಸಬಹುದು. ಸ್ವಲ್ಪವೇ, ಯಾಕೆಂದರೆ ಆಜ್ಞೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು, ಅಂದರೆ ಜನ ಕೇಳುತ್ತಿರಲಿಲ್ಲ. 1604ರಲ್ಲಿ ಅದೂ ರದ್ದಾಯಿತು. ಅಲ್ಲಿಂದ ಮುಂದೆ ದುಡ್ಡಿದ್ದವರು ತೊಟ್ಟಿದ್ದೇ ಉಡುಪು. ವೆನ್ಸೆಸ್ಲಾಸ್ ಹಾಲರ್ 1640ರಲ್ಲಿ ಇಂಗ್ಲೆಂಡಿನ ಹೆಂಗಸರ ಉಡುಪಿನ 26 ಅಚ್ಚುಚಿತ್ರ ಹೊರತಂದ. ಅದರಲ್ಲಿ ದೊಡ್ಡ ಮನೆಯವಳಿಂದ ಹಿಡಿದು ಹಳ್ಳಿಯವಳವರೆಗೆ ಎಲ್ಲರೂ ಇದ್ದಾರೆ. ಎರಡು ತುದಿಗಳನ್ನು ಬೇರೆ ಮಾಡುವುದು ಸುಲಭ. ನಡುವಿನವರನ್ನು ಬಟ್ಟೆಯಿಂದ ಬೇರೆ ಮಾಡಲು ಹೋದರೆ ತಲೆ ಕೆಡುತ್ತದೆ.

ನಿಲುವಿನ ಕಥೆಯೂ ಅಷ್ಟೇ. ನಿಲುವನ್ನೂ ಕೊಳ್ಳಬಹುದಿತ್ತು. 1680ರಲ್ಲಿ ತೀರಿಕೊಂಡ ಪೀಟರ್ ಲೆಲಿಯ ಸ್ಟುಡಿಯೋದಲ್ಲಿ ನಿಲುವುಗಳಿಗೆ ನಂಬರ್ ಇತ್ತು. ಗಿರಾಕಿ ಮುಖಕ್ಕೆ ಕೂತು ಹೋದರೆ ಸಾಕು, ಉಳಿದ ಮೈಯನ್ನು ಇಂಥ ನಂಬರ್ ನೋಡಿ ಸಹಾಯಕರು ತುಂಬುತ್ತಿದ್ದರು. ಗುಲಾಬಿ ಹಿಡಿದ ನಮ್ಮ ಚಿತ್ರದ ಕೈಯೂ ಆ ಕಾಲದ ಬೇರೆ ಬೇರೆ ಹೆಂಗಸರ ಚಿತ್ರಗಳಲ್ಲಿ ಹೆಚ್ಚುಕಡಿಮೆ ಹಾಗೇ ಬರುತ್ತದೆ.

ಹಾಗಾಗಿ ಪಟ್ಟಿಯಲ್ಲಿ ನಾವು ಕೊನೆಗೆ ಬರೆದದ್ದು 'ಅನುಕೂಲಸ್ಥ ಮನೆತನದ ಹೆಂಗಸು' ಎಂದು ಮಾತ್ರ. ಪದವಿ ಬರೆಯಲಿಲ್ಲ. ನನಗೆ ಒಳಗೊಳಗೇ ಬೇಸರ ಆಯಿತು. ಇಷ್ಟು ಓಡಾಡಿ ಸಿಕ್ಕಿದ್ದು ಇಷ್ಟೇನಾ ಅಂತ.

ಕಿರೀಟ ತೊಡಿಸಿದ್ದು ಯಾರು?

ಮನೆತನಕ್ಕೆ ಬ್ಯಾರನ್ ಪದವಿ ಬಂದದ್ದು 18ನೇ ಶತಮಾನದ ನಡುಭಾಗದಲ್ಲಿ. ಅದಾದ ಎರಡು ವರ್ಷಕ್ಕೆ ಹಳೇ ಚಿತ್ರಗಳನ್ನು ಸರಿಮಾಡಿದ ಒಬ್ಬ ಚಿತ್ರಕಾರನಿಗೆ ಹಣ ಕೊಟ್ಟ ಲೆಕ್ಕ ಮನೆಯ ಪುಸ್ತಕದಲ್ಲಿದೆ. ಯಾವ ಚಿತ್ರ ಅಂತ ಬರೆದಿಲ್ಲ. ಆದರೂ ಊಹೆ ಕಷ್ಟ ಅಲ್ಲ. ಹೊಸದಾಗಿ ಸಿಕ್ಕ ಪದವಿ ಹಳೇದರ ಹಾಗೆ ಕಾಣಬೇಕಿತ್ತು. ಅದಕ್ಕೆ ಹಳೇ ಅಜ್ಜಿಗೆ ನಾಲ್ಕು ಮುತ್ತಿನ ಕಿರೀಟ ತೊಡಿಸಿದರು. ಅವರು ಸುಳ್ಳು ಪದವಿಯನ್ನೇನೂ ಬರೆಸಲಿಲ್ಲ ನೋಡಿ. ತಮಗೆ ಸಿಕ್ಕ ಪದವಿಯನ್ನೇ ಬರೆಸಿದರು. ಬರೆಸಿದ್ದು ತಪ್ಪು ಮೈಮೇಲೆ, ತಪ್ಪು ಕಾಲದಲ್ಲಿ.

ಹಳದಿ ಅಕ್ಷರ ಅದಕ್ಕೂ ಆಮೇಲಿನದು, ಯಾಕೆಂದರೆ ಕಿರೀಟ ಬರೆಸಿದವರು ಅದನ್ನು ಡಚೆಸ್ ಅನ್ನುತ್ತಿರಲಿಲ್ಲ. ಆಗ ಬಂಗಲೆಗಳನ್ನು ನೋಡಲು ಬರುವವರಿಗೆ ಮನೆಗೆಲಸದ ಮೇಲ್ವಿಚಾರಕಿ ಚಿತ್ರ ತೋರಿಸಿ ಕಥೆ ಹೇಳಿ ಕೈಕಾಸು ಪಡೆಯುವ ವಾಡಿಕೆ ಇತ್ತು. ಬ್ಯಾರನೆಸ್‌ಗಿಂತ ಡಚೆಸ್ ಕಥೆಗೆ ಎರಡು ಕಾಸು ಜಾಸ್ತಿ ಬಿದ್ದಿರಬೇಕು. ಇದು ನನ್ನ ಊಹೆ, ಪಟ್ಟಿಯಲ್ಲಿ ಬರೆದಿಲ್ಲ.

ತೆಗೆಯುವುದೋ ಬಿಡುವುದೋ

ದುರಸ್ತಿಯವರು ನಿಲುವಂಗಿಯ ಅಂಚಿನಲ್ಲಿ ಉಗುರಿನಷ್ಟು ಜಾಗದ ಮೇಲ್ಬಣ್ಣ ತೆಗೆದು ನೋಡಿದರು. ಕೆಳಗೆ ಕಪ್ಪು ಸ್ಯಾಟಿನ್ ಚೆನ್ನಾಗಿಯೇ ಇತ್ತು. ನನಗೆ ಪೂರ್ತಿ ತೆಗೆಯುವ ಆಸೆ. ಹಿರಿಯರಿಗೂ ಇತ್ತು ಅನ್ನಿಸುತ್ತದೆ. ದುರಸ್ತಿಯವರೇ ತಡೆದರು. ಎಕ್ಸ್‌ರೇಯಲ್ಲಿ ಗುಲಾಬಿಗಳ ಸುತ್ತ ಗೀರುಗಳಿದ್ದವು. ಹೊಸ ಬಣ್ಣ ಹಿಡಿಯಲಿ ಎಂದು ಆ ಚಿತ್ರಕಾರ ಹಳೇದನ್ನು ಕೆರೆದಿರಬಹುದು ಎಂದರು. ಕಿರೀಟ ತೆಗೆದರೆ ಕೆಳಗೆ ಅರ್ಧ ಗುಲಾಬಿ ಸಿಗಬಹುದು. ಆಗ ಕಿರೀಟವೂ ಇಲ್ಲ, ಹೂವೂ ಇಲ್ಲ. ಮೇಲ್ಬಣ್ಣವನ್ನು ಮುಂದೆ ಯಾವತ್ತಾದರೂ ತೆಗೆಯಬಹುದು. ತೆಗೆದದ್ದನ್ನು ವಾಪಸ್ ಹಾಕಲು ಆಗುವುದಿಲ್ಲ.

ಯಜಮಾನಿಯವರನ್ನು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: 'ಗುಲಾಬಿ ಬರೆಸಿದವರು ನಮ್ಮವರೋ ಅಲ್ಲವೋ ನಿಮಗೇ ಗೊತ್ತಿಲ್ಲ. ಕಿರೀಟ ಬರೆಸಿದವರಂತೂ ನಮ್ಮವರೇ ತಾನೇ?'

ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಚಿತ್ರ ಇದ್ದ ಹಾಗೆ ಉಳಿಯಿತು. ಉಗುರಿನಷ್ಟು ಕಿಟಕಿಯನ್ನು ಮುಚ್ಚದೆ ಬಿಟ್ಟರು. ಪಕ್ಕದ ಗೋಡೆಗೆ ಎಕ್ಸ್‌ರೇಯನ್ನು ಅದೇ ಅಳತೆಗೆ ಮುದ್ರಿಸಿ ಹಾಕಿದರು. ಫಲಕ ಬದಲಾಯಿತು: 'ಅಪರಿಚಿತ ಮಹಿಳೆ, ಸುಮಾರು 1635-40. ನಿಲುವಂಗಿ, ಕೊರೊನೆಟ್ 18ನೇ ಶತಮಾನದಲ್ಲಿ ಸೇರಿಸಿದ್ದು. ಹೆಸರು ಅದಕ್ಕೂ ನಂತರದ್ದು.' ಮನೆಯವರಲ್ಲಿ ಒಬ್ಬರಿಗೆ ಇದು ಇಷ್ಟ ಆಗಲಿಲ್ಲ. ಅವರು ಈಗಲೂ ಡಚೆಸ್ ಅಂತಲೇ ಕರೆಯುತ್ತಾರಂತೆ.

ನನ್ನ ಟಿಪ್ಪಣಿ ಬರೆಯುವ ಕ್ರಮ ಬದಲಾಗಿದೆ. ಈಗ ಮೊದಲು ಕಿರೀಟ, ತುಪ್ಪಳ, ಅಕ್ಷರ, ಲಾಂಛನ ಇರುವ ಜಾಗಗಳ ಮೇಲೆ ಕಾಗದ ಇಟ್ಟು ಮುಚ್ಚುತ್ತೇನೆ. ಉಳಿದದ್ದನ್ನು ನೋಡಿ ಕಾಲ ಬರೆಯುತ್ತೇನೆ: ಕೂದಲು, ಸೊಂಟದ ಗೆರೆ, ತೋಳು. ಆಮೇಲೆ ಕೈ ಏನು ಮಾಡುತ್ತಿದೆ, ಅದು ಹಿಡಿದದ್ದಕ್ಕೂ ಹಿಡಿದ ರೀತಿಗೂ ಹೊಂದುತ್ತದೆಯೇ ಎಂದು. ಕಾಗದ ತೆಗೆಯುವುದು ಕೊನೆಗೆ. 'ಈಕೆಯ ಅಂತಸ್ತು ಏನು' ಎಂಬ ಪ್ರಶ್ನೆಯ ಜಾಗದಲ್ಲಿ 'ಈ ಅಂತಸ್ತನ್ನು ಇಲ್ಲಿ ಯಾರು, ಯಾವಾಗ ಬರೆಸಿದರು' ಎಂದು ಬರೆದುಕೊಳ್ಳುತ್ತೇನೆ.

ಒಂದು ಎಳೆ ಇನ್ನೂ ಬಾಕಿ ಇದೆ. ಗಂಡಹೆಂಡಿರ ಜೋಡಿ ಭಾವಚಿತ್ರಗಳನ್ನು ತೂಗುಹಾಕುವಾಗ ಸಾಮಾನ್ಯವಾಗಿ ಗಂಡ ನೋಡುವವರ ಎಡಕ್ಕೆ, ಹೆಂಡತಿ ಬಲಕ್ಕೆ. ಆಕೆ ಎಡಕ್ಕೆ, ಅಂದರೆ ಅವನ ಕಡೆಗೆ ತಿರುಗಿರುತ್ತಾಳೆ. ನಮ್ಮಾಕೆ ತಿರುಗಿರುವುದು ಎಡಕ್ಕೇ. ಕಲ್ಲಿನ ಕಟ್ಟೆ ಕ್ಯಾನ್ವಾಸಿನ ಎಡ ಅಂಚಿನವರೆಗೂ ಹೋಗಿ ಅಲ್ಲಿ ತುಂಡಾಗುತ್ತದೆ, ಮುಂದಿನ ಚಿತ್ರದಲ್ಲಿ ಮುಂದುವರಿಯುವ ಹಾಗೆ. ಆ ಮನೆಯಲ್ಲಿ ಅಂಥ ಗಂಡಸಿನ ಚಿತ್ರ ಇಲ್ಲ. ಹರಾಜಿನ ಪಟ್ಟಿಗಳಲ್ಲಿ 50 ಇಂಚು, 40 ಇಂಚು ಎಂದು ಕಂಡಾಗಲೆಲ್ಲ ನಾನು ಮೊದಲು ನೋಡುವುದು ಬಲಗಡೆಯ ಅಂಚನ್ನು, ಅಲ್ಲಿ ಕಟ್ಟೆ ಇದೆಯೇ ಎಂದು.